ಗೇಟಲ್ಲ, ಜಂತ್ರಡಿ: ಆಶ್ರಮದ ಹಿರಿಯರ ಬದುಕು ಬರೆಯ ಹೊರಟವರಿಗೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾದ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ದೀಪಾವಳಿ ಮುಗಿದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಬಿ.ಎ. ಕೊನೆಯ ವರ್ಷದ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಊರ ಹೊರಗಿನ ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಇಬ್ಬಿಬ್ಬರು ಸೇರಿ ಒಬ್ಬ ಹಿರಿಯರ ಹತ್ತಿರ ನಾಲ್ಕೈದು ಸಲ ಕೂತು ಮಾತಾಡುತ್ತಾರೆ. ಕೇಳಿದ್ದನ್ನು ಒಂದು ಪುಟ್ಟ ಜೀವನಕತೆಯಾಗಿ ಬರೆದು ಅವರ ಕೈಗೇ ಕೊಡುತ್ತಾರೆ. ಕೋವಿಡ್‌ನ ಎರಡು ವರ್ಷ ಬಿಟ್ಟರೆ ಇದು ತಪ್ಪದೆ ನಡೆದಿದೆ. ಈಗೀಗ ಕಾರವಾರ, ಶಿರಸಿ ಕಡೆಯ ಅಧ್ಯಾಪಕರೂ ಹುಡುಗರೂ ಫೋನ್ ಮಾಡಿ 'ನಾವೂ ಮಾಡಬೇಕು ಅಂದ್ಕೊಂಡಿದ್ದೇವೆ, ಎಲ್ಲಿಂದ ಶುರು ಮಾಡೋದು?' ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಎಡವಿದ ಜಾಗಗಳನ್ನೂ ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ನೋವಾದದ್ದು ನಮಗಲ್ಲ, ನಮ್ಮನ್ನು ನಂಬಿ ಬಾಯಿ ಬಿಟ್ಟವರಿಗೆ.

ಬೇರೆಲ್ಲ ಮರೆತರೂ ಒಂದನ್ನು ಮರೆಯಬೇಡಿ. ನೀವು ಬರೆದದ್ದನ್ನು ಹೇಳಿದವರ ಎದುರಿಗೆ ಕೂತು, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು 'ಹೌದು, ಇದು ನಂದು' ಅನ್ನುವವರೆಗೆ ಆ ಬರಹ ಮುಗಿದಿಲ್ಲ. ಉಳಿದದ್ದೆಲ್ಲ ಆ ಒಂದು ದಿನಕ್ಕೆ ತಯಾರಿ.

ಮೊದಲ ಭೇಟಿ

ಆಶ್ರಮ ನಡೆಸುವವರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ. ಎಷ್ಟು ಜನ ಬರುತ್ತೀರಿ, ಎಷ್ಟು ಸಲ, ಎಷ್ಟು ಹೊತ್ತು, ಬರೆದದ್ದು ಏನಾಗುತ್ತದೆ, ಎಲ್ಲ ಅದರಲ್ಲಿರಲಿ. 'ಯಾರ ಹತ್ತಿರ ಮಾತಾಡಬಹುದು?' ಎಂದು ಅವರನ್ನು ಕೇಳಿ, ಆದರೆ ಅವರು ಕೊಟ್ಟ ಪಟ್ಟಿಯನ್ನೇ ಕೊನೆ ಅಂದುಕೊಳ್ಳಬೇಡಿ. ಚೆನ್ನಾಗಿ ಮಾತಾಡುವವರ ಹೆಸರು ಪಟ್ಟಿಯಲ್ಲಿರುತ್ತದೆ. ಮೂಲೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರದು ಇರುವುದಿಲ್ಲ. ನಮ್ಮ ಒಳ್ಳೆಯ ಕತೆಗಳಲ್ಲಿ ಎರಡು ಅಂಥ ಮೂಲೆಯ ಮಂಚದಿಂದ ಬಂದವು.

ಮೊದಲ ದಿನ ಫೋನು ಬ್ಯಾಗಿನಲ್ಲೇ ಇರಲಿ. ಪ್ರಶ್ನೆ ಬೇಡ, ನೋಟ್‌ಬುಕ್ಕೂ ಬೇಡ. ಇಂಥ ಕಡೆ ವರ್ಷವಿಡೀ ಜನ ಬರುತ್ತಾರೆ. ಯಾರದೋ ಹುಟ್ಟುಹಬ್ಬ, ಯಾರದೋ ತಿಥಿ, ಹಣ್ಣು ಹಂಚಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಹೋಗುತ್ತಾರೆ. ಒಬ್ಬ ಅಜ್ಜಿ ನನ್ನ ವಿದ್ಯಾರ್ಥಿನಿಗೆ ಕೇಳಿದ ಮೊದಲ ಮಾತೇ 'ಫೋಟೋ ಯಾವಾಗ ತೆಗೀತೆ?' ಅವರು ಆಗಲೇ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. 'ಇವತ್ತು ಫೋಟೋ ಇಲ್ಲ ಅಜ್ಜಿ, ಸುಮ್ಮನೆ ಬಂದದ್ದು' ಅಂದಳು ಹುಡುಗಿ. ಅಜ್ಜಿ ಮೆಲ್ಲಗೆ ಗೋಡೆಗೊರಗಿದರು. ಅರ್ಧ ಗಂಟೆ ಇಬ್ಬರೂ ಕಿಟಕಿಯಾಚೆಯ ಹಲಸಿನ ಮರದ ಬಗ್ಗೆ ಮಾತಾಡಿದರು. ಆ ದಿನಕ್ಕೆ ಅಷ್ಟೇ ಸಾಕು.

ಹೇಗೆ ಕರೆಯಬೇಕು ಎಂದು ಅವರನ್ನೇ ಕೇಳಿ. ಅಜ್ಜ, ಅಜ್ಜಿ ಅಂದರೆ ಎಲ್ಲರಿಗೂ ಹಿತ ಎಂದು ನಾವು ತಿಳಿಯುತ್ತೇವೆ. ಮದುವೆಯಾಗದೆ ಮೂವತ್ತೈದು ವರ್ಷ ಶಾಲೆಯಲ್ಲಿ ಕಲಿಸಿದ ಒಬ್ಬರು 'ನಾನು ಯಾರ ಅಜ್ಜಿಯೂ ಅಲ್ಲ, ಅಕ್ಕೋರು ಅನ್ನು' ಎಂದರು. ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರಿಗೆ ಇರುವ ಹೆಸರೇ ಅದು. ಆ ಆಶ್ರಮಕ್ಕೆ ಬಂದ ಮೇಲೆ ಅವರನ್ನು ಹಾಗೆ ಕರೆದವರೇ ಇರಲಿಲ್ಲ. ಮರುದಿನದಿಂದ ಇಬ್ಬರು ಹುಡುಗರೂ 'ಅಕ್ಕೋರೆ' ಎಂದು ಕರೆದಾಗ ಅವರ ಮಾತಿನ ಧಾಟಿಯೇ ಬದಲಾಯಿತು. ವಾಕ್ಯ ತಪ್ಪಿದರೆ ತಿದ್ದತೊಡಗಿದರು.

ಕೇಳಲೇಬಾರದ ಪ್ರಶ್ನೆ ಒಂದಿದೆ: 'ಮಕ್ಕಳು ಯಾಕೆ ಇಲ್ಲಿ ಬಿಟ್ಟರು?' ಮೊದಲ ವರ್ಷ ನಮ್ಮ ಹುಡುಗನೊಬ್ಬ, ಕನಿಕರದಿಂದಲೇ, ಇದನ್ನು ಕೇಳಿಬಿಟ್ಟ. ಆ ಅಜ್ಜ ಎದ್ದು ಒಳಗೆ ಹೋದರು, ಮತ್ತೆ ನಮ್ಮ ಮುಂದೆ ಬರಲೇ ಇಲ್ಲ. ಯಾರೂ ಬಿಟ್ಟುಹೋಗದೆ ತಾವಾಗಿ ಬಂದವರು ಅಲ್ಲಿ ಎಷ್ಟೋ ಮಂದಿ. ಶಿರಸಿ, ಸಿದ್ದಾಪುರದ ಕಡೆ ದೊಡ್ಡ ದೊಡ್ಡ ತೋಟದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಒಬ್ಬರು ಹೋದ ಮೇಲೆ ಇನ್ನೊಬ್ಬರಿಗೆ ಆ ಮನೆಯ ರಾತ್ರಿ ಕಳೆಯುವುದು ಕಷ್ಟ. ಅದನ್ನು ಅವರಾಗಿ ಹೇಳುವ ದಿನ ಬಂದರೆ ಬರುತ್ತದೆ. ಬಾರದಿದ್ದರೆ ಅದಿಲ್ಲದೆಯೂ ಒಂದು ಬದುಕು ಪೂರ್ತಿಯಾಗಿರುತ್ತದೆ.

ಹೊತ್ತು, ಜಾಗ, ಕಿವಿ

ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಏನೂ ರೆಕಾರ್ಡ್ ಆಗುವುದಿಲ್ಲ, ಕರೆಂಟೂ ಇರುವುದಿಲ್ಲ. ಮಾರ್ಚ್ ಬಂದರೆ ನಮ್ಮ ಕರಾವಳಿಯ ಸೆಕೆಗೆ ಫ್ಯಾನ್ ಹಾಕದೆ ಕೂರಲಾಗದು, ಫ್ಯಾನ್ ಹಾಕಿದರೆ ಅದರ ಗುಯ್‌ಗುಟ್ಟುವಿಕೆ ಎಲ್ಲ ಮಾತನ್ನೂ ನುಂಗುತ್ತದೆ. ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಆ ಸದ್ದು ಇನ್ನೂ ಜೋರಾಗಿ ಕೇಳುತ್ತದೆ.

ಬೆಳಿಗ್ಗೆ ಸ್ನಾನ, ಗಂಜಿ, ಮಾತ್ರೆ ಎಲ್ಲ ಮುಗಿದ ಮೇಲೆ ಹತ್ತು ಗಂಟೆ ಸುಮಾರಿಗೆ ಹೋಗಿ, ಇಲ್ಲವೇ ಮಧ್ಯಾಹ್ನದ ನಿದ್ದೆ ಮುಗಿಸಿ ಚಾ ಕುಡಿದಾದ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತು ಬೇಡ. ಮರೆವಿನ ಕಾಯಿಲೆ ಇದ್ದವರಿಗೆ ಆ ಹೊತ್ತಿನಲ್ಲಿ ಗಲಿಬಿಲಿ ಹೆಚ್ಚು, ಇಲ್ಲದವರಿಗೂ ಮನೆಯ ನೆನಪು ಕಾಡುವ ಹೊತ್ತದು. ಒಂದು ಸಲಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅವರು ಉತ್ಸಾಹದಲ್ಲಿದ್ದರೂ ನೀವೇ ನಿಲ್ಲಿಸಿ. ಉಳಿದದ್ದನ್ನು ಹೇಳಬೇಕೆಂದು ಅವರು ಮುಂದಿನ ವಾರ ನಿಮ್ಮ ದಾರಿ ಕಾಯುತ್ತಾರೆ.

ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಕೇಳಿ ಆ ಕಡೆಗೆ ಕೂರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ತುಟಿಯ ಚಲನೆ ಕಂಡರೆ ಅವರಿಗೆ ಅರ್ಧ ಮಾತು ಅಲ್ಲೇ ಸಿಗುತ್ತದೆ. ಕೂಗಬೇಡಿ. ವಯಸ್ಸಾದಂತೆ ಮೊದಲು ಮಸುಕಾಗುವುದು ಕೀರಲು ಸ್ವರ. ಸ, ಶ, ತ ಇಂಥ ಅಕ್ಷರಗಳು ಒಂದರಂತೆ ಇನ್ನೊಂದು ಕೇಳುತ್ತವೆ. ಹುಡುಗಿಯರು ಕೀರಲು ಬಿಟ್ಟು ಸ್ವಲ್ಪ ದಪ್ಪ ದನಿಯಲ್ಲಿ, ನಿಧಾನವಾಗಿ, ಒಂದೊಂದು ಮಾತು ಬಿಡಿಸಿ ಆಡಿದರೆ ಕೂಗಿದ್ದಕ್ಕಿಂತ ಚೆನ್ನಾಗಿ ಮುಟ್ಟುತ್ತದೆ.

ಇಸವಿ ಕೇಳಬೇಡಿ

ಮೊದಲ ವರ್ಷ ನಾನು ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿ ಜೆರಾಕ್ಸ್ ತೆಗೆಸಿ ಮಕ್ಕಳ ಕೈಗೆ ಕೊಟ್ಟಿದ್ದೆ. ಹುಟ್ಟಿದ ದಿನಾಂಕ, ಹುಟ್ಟಿದ ಊರು, ಶಿಕ್ಷಣ, ಮದುವೆಯಾದ ವರ್ಷ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು, ಹಿರಿಯರು ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟರು. ಬಂದ ಎಲ್ಲ ಬರಹಗಳೂ ರೇಷನ್ ಕಾರ್ಡಿನ ಅರ್ಜಿಯಂತೆ ಇದ್ದವು. ತಪ್ಪು ಮಕ್ಕಳದಲ್ಲ, ನನ್ನ ಪಟ್ಟಿಯದು.

'ಯಾವ ವರ್ಷ?' ಅಂದರೆ ಹೆಚ್ಚಿನ ಹಿರಿಯರು ಪರೀಕ್ಷೆಗೆ ಕೂತ ಹಾಗೆ ಗಾಬರಿಯಾಗುತ್ತಾರೆ. ಅವರ ಪಂಚಾಂಗವೇ ಬೇರೆ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಘಟ್ಟದ ಮೇಲಿನವರು 'ನಮ್ಮ ಎರಡನೇ ಕೂಸು ಹುಟ್ಟಿದ ಮೇಲಿನ ಜಾತ್ರೆ' ಎಂದು ಲೆಕ್ಕ ಇಟ್ಟಿರುತ್ತಾರೆ. ಆದ್ದರಿಂದ ಕೇಳಲು ಹೋಗುವ ಮೊದಲು ನಮ್ಮ ಜಿಲ್ಲೆಯ ದೊಡ್ಡ ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಲೆಯಲ್ಲಿಟ್ಟುಕೊಳ್ಳಿ. ಈಗ 85ರ ಹತ್ತಿರ ಇರುವವರು 1940ರ ಆಚೀಚೆ ಹುಟ್ಟಿದವರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು, ಆಮೇಲಿನ ಕರನಿರಾಕರಣೆಯಲ್ಲಿ ಮನೆ-ಜಮೀನು ಜಪ್ತಿಯಾದದ್ದು ಅವರು ಕಂಡದ್ದಲ್ಲ, ಅಪ್ಪ-ಅಮ್ಮನ ಬಾಯಲ್ಲಿ ಕೇಳಿದ್ದು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ 'ಮುಲ್ಕಿ ಪಾಸಾಗಿದ್ದೆ' ಎಂದು ಹೆಮ್ಮೆಯಿಂದ ಹೇಳುವವರು ನಿಮಗೆ ಸಿಗುತ್ತಾರೆ. ಮುಲ್ಕಿ ಎಂದರೆ ಆಗಿನ ಏಳನೇ ತರಗತಿಯ ಪರೀಕ್ಷೆ, ಅದು ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. ಕಾರವಾರದವರಾದರೆ 1961ರ ಡಿಸೆಂಬರ್ ನೆನಪಿರುತ್ತದೆ. ಗೋವಾ ವಿಮೋಚನೆಯ ಹೊತ್ತಿನಲ್ಲಿ ಎದುರಿನ ಅಂಜದೀವ ದ್ವೀಪದಲ್ಲಿ ನಮ್ಮ ನಾವಿಕರು ಪ್ರಾಣ ಕೊಟ್ಟರು. ಅರ್ಗಾ, ಬಿಣಗಾ ಕಡೆಯವರಾದರೆ ಸೀಬರ್ಡ್. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಆ ನೌಕಾನೆಲೆಗಾಗಿ ಊರಿಗೂರೇ ಎದ್ದು ಹೋದವು. ಶಿರಸಿಯವರಾದರೆ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಕಾಡಿನಲ್ಲಿ ಮರ ಕಡಿಯದಂತೆ ಜನ ಅದನ್ನು ಅಪ್ಪಿಕೊಂಡು ನಿಂತದ್ದು. ಮೀನುಗಾರರಾದರೆ ಹತ್ತಾರು ಜನ ದಡದಿಂದ ಎಳೆಯುವ ರಂಪಣಿ ಬಲೆ ನಿಂತು ಯಾಂತ್ರಿಕ ದೋಣಿಗಳು ಬಂದದ್ದು. ಎಲ್ಲರಿಗೂ ನೆನಪಿರುವುದು ಕೊಂಕಣ ರೈಲು, ಅದು ಪೂರ್ತಿ ಓಡತೊಡಗಿದ್ದು 1998ರ ಜನವರಿ 26ರಿಂದ.

ಹಾಗಾಗಿ ಪ್ರಶ್ನೆ ಹೀಗಿರಲಿ: 'ರೈಲು ಮೊದಲು ಕೂಗಿದಾಗ ನೀವು ಯಾವ ಮನೇಲಿದ್ರಿ?' 'ಡಿಕ್ಲರೇಶನ್ ಕೊಡೋ ಹೊತ್ತಿಗೆ ನಿಮಗೆ ಮದುವೆ ಆಗಿತ್ತಾ?'

ಈ ಡಿಕ್ಲರೇಶನ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಉಳುವ ಗದ್ದೆ ತಮ್ಮದಾಗಲೆಂದು ಫಾರ್ಮ್ 7 ತುಂಬಿ ಕೊಟ್ಟರಲ್ಲ, ನಮ್ಮ ಕಡೆ ಇಂದಿಗೂ ಅದಕ್ಕೆ 'ಡಿಕ್ಲರೇಶನ್ ಕೊಟ್ಟದ್ದು' ಎಂದೇ ಹೆಸರು. ಒಂದು ವರ್ಷ ಆಶ್ರಮದ ಒಂದೇ ಕೋಣೆಯಲ್ಲಿ, ಮೂರು ಮಂಚದ ಅಂತರದಲ್ಲಿ, ಗದ್ದೆ ಕಳೆದುಕೊಂಡ ಒಡೆಯರ ಮನೆಯ ಹೆಂಗಸೂ ಅಂಥದೇ ಗದ್ದೆ ಪಡೆದ ಒಕ್ಕಲು ಮನೆಯ ಹೆಂಗಸೂ ಇದ್ದರು. ಒಬ್ಬರಿಗೆ ಅದು ಅನ್ಯಾಯ, ಇನ್ನೊಬ್ಬರಿಗೆ ತಲೆಯೆತ್ತಿ ನಿಂತ ದಿನ. ಎರಡೂ ನಿಜ. ಇಬ್ಬರ ಕತೆಯನ್ನೂ ಅವರವರ ಮಾತಿನಲ್ಲೇ ಬರೆದೆವು. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಎತ್ತಬಾರದು ಎಂದು ನಾಲ್ಕೂ ಮಕ್ಕಳಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ.

ಮನುಷ್ಯರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಹೆಚ್ಚು ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರದವರು ಕಂಡುಕೊಂಡಿದ್ದಾರೆ. ನಮ್ಮ ಅನುಭವವೂ ಅದೇ. ಅಲ್ಲಿಂದ ತೊಡಗಿ, ಕೈಗೆ, ಕಾಲಿಗೆ, ಬಾಯಿಗೆ ಸಂಬಂಧಿಸಿದ್ದನ್ನು ಕೇಳಿ. ಶಾಲೆಗೆ ಹೋಗುವ ದಾರಿಯಲ್ಲಿ ಎಷ್ಟು ಸಂಕ (ಕಾಲುಸೇತುವೆ) ದಾಟಬೇಕಿತ್ತು? ಹೊಳೆ ದಾಟುವ ತಾರಿಗೆ ಎಷ್ಟು ಕೊಡಬೇಕಿತ್ತು? ಮಳೆಗಾಲಕ್ಕೆ ಅಟ್ಟದ ಮೇಲೆ ಏನೇನು ಕೂಡಿಡುತ್ತಿದ್ದಿರಿ? ಗಂಡನ ಮನೆಗೆ ಬಂದ ಮೊದಲ ದಿನ ಯಾವ ಕೆಲಸ ಹೇಳಿದರು?

ಮಾತು ಮುಂದೆ ಸಾಗದಿದ್ದರೆ ಒಂದು ದೊಡ್ಡ ಹಾಳೆ, ದಪ್ಪ ಪೆನ್ಸಿಲ್ ಕೊಟ್ಟು ಅವರ ಹಳೆಯ ಮನೆಯ ನಕ್ಷೆ ಬರೆಸಿ. ಕೈ ನಡುಗಿದರೆ ನೀವು ಬರೆಯಿರಿ, ಅವರು ಹೇಳಲಿ. ಜಗಲಿ ಎಲ್ಲಿ, ನಡುಮನೆ ಎಲ್ಲಿ, ಬಚ್ಚಲಿಗೆ ಯಾವ ಕಡೆಯಿಂದ ಹೋಗುವುದು, ಯಾರು ಎಲ್ಲಿ ಮಲಗುತ್ತಿದ್ದರು. ಒಂದು ಸಲ ಒಬ್ಬ ಅಜ್ಜಿ ಅಡುಗೆಮನೆ, ಕೊಟ್ಟಿಗೆ ಎಲ್ಲ ಹೇಳಿದರು. 'ನೀವು ಎಲ್ಲಿ ಮಲಗ್ತಿದ್ರಿ ಅಜ್ಜಿ?' ಅಂದಾಗ ಬಹಳ ಹೊತ್ತು ಹಾಳೆ ನೋಡಿದರು. 'ನಂಗೆ ಹೇಳಿ ಒಂದು ಜಾಗ ಇರ್ಲಿಲ್ಲ ಮಗಾ. ಎಲ್ಲರೂ ಮಲಗಿದ ಮೇಲೆ ಎಲ್ಲಿ ಜಾಗ ಇದ್ಯೋ ಅಲ್ಲಿ.' ನಲವತ್ತು ಪ್ರಶ್ನೆಗಳಲ್ಲಿ ಯಾವುದೂ ಇದನ್ನು ಹೊರಗೆ ತರುತ್ತಿರಲಿಲ್ಲ.

ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮುಖ್ಯವಾದ ಮಾತು ಹೆಚ್ಚಾಗಿ ಏಳೋ ಎಂಟೋ ಎಣಿಸುವಾಗ ಬರುತ್ತದೆ. ಹಾಡು ಬಂದರೆ ಪೂರ್ತಿ ಕೇಳಿ, ಅರ್ಥ ಕೇಳಲು ನಡುವೆ ಬಾಯಿ ಹಾಕಬೇಡಿ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಓದು ಬರಹ ಬರುತ್ತಿರಲಿಲ್ಲ. ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡಿನ ದೊಡ್ಡ ಕಣಜವೇ ಅವರ ನೆನಪಿನಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಷ್ಟು ಹೆಸರಾಗದೆ, ಹತ್ತಿಪ್ಪತ್ತು ಹಾಡು ಮಾತ್ರ ಗೊತ್ತಿರುವ ಅಜ್ಜಿಯರು ಆಶ್ರಮಗಳಲ್ಲಿದ್ದಾರೆ. ಆ ಹತ್ತಿಪ್ಪತ್ತು ಎಲ್ಲೂ ಬರೆದಿಟ್ಟದ್ದಲ್ಲ.

ಒಪ್ಪಿಗೆ ಮತ್ತು ರೆಕಾರ್ಡಿಂಗ್

ಒಪ್ಪಿಗೆ ಎಂದರೆ ಒಂದು ಸಹಿ ಅಲ್ಲ, ಮೂರು ಬೇರೆ ಬೇರೆ ಪ್ರಶ್ನೆ: ದನಿ ಹಿಡಿದಿಟ್ಟುಕೊಳ್ಳಬಹುದೇ? ಅದರಿಂದ ಕತೆ ಬರೆಯಬಹುದೇ? ಬರೆದದ್ದನ್ನು ಯಾರು ಯಾರು ಓದಬಹುದು? ಮೂರನೆಯದಕ್ಕೆ 'ನಾನು, ನೀನು ಇಬ್ಬರೇ' ಎಂದವರಿದ್ದಾರೆ. ಅದೂ ಒಪ್ಪಿಗೆಯೇ, ಅಷ್ಟಕ್ಕೇ ಬರೆಯಿರಿ. ಅವರ ಭಾಷೆಯಲ್ಲಿ ಓದಿ ಹೇಳಿ, ಉತ್ತರವನ್ನು ರೆಕಾರ್ಡ್ ಮಾಡಿ. ಯಾವ ದಿನ ಬೇಕಾದರೂ ಬೇಡ ಅನ್ನಬಹುದು ಎಂಬುದನ್ನು ಪ್ರತಿ ಭೇಟಿಯಲ್ಲೂ ನೆನಪಿಸಿ. ಮರೆವು ಹೆಚ್ಚಿದ್ದವರಾದರೆ ಮನೆಯವರನ್ನೂ ಕೇಳಬೇಕು.

ಫೋನಿನಲ್ಲಿರುವ ರೆಕಾರ್ಡರ್ ಸಾಕು. ಮೊದಲು ಏರೋಪ್ಲೇನ್ ಮೋಡಿಗೆ ಹಾಕಿ. ನಮ್ಮ ಒಬ್ಬ ಹುಡುಗ ಹಾಕಿರಲಿಲ್ಲ, ನಡುವೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಂತದ್ದು ಗೊತ್ತಾಗಲೇ ಇಲ್ಲ. ಒಬ್ಬ ತಾಯಿ ತನ್ನ ಮೊದಲ ಮಗು ಹೋದದ್ದನ್ನು ಹೇಳಿದ ನಲವತ್ತು ನಿಮಿಷ ಅದು. 'ಇನ್ನೊಂದು ಸಲ ಹೇಳಿ' ಎಂದು ಕೇಳುವ ಧೈರ್ಯ ಅವನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಶುರುವಿಗೆ ಒಂದು ನಿಮಿಷ ಹಿಡಿದು ಕೇಳಿ ನೋಡಿ. ಫೋನಿನ ಅಡಿಗೆ ಮಡಚಿದ ಟವೆಲ್ ಇಡಿ. ಫೈಲಿಗೆ ದಿನಾಂಕ, ಕೋಣೆ ಸಂಖ್ಯೆ ಮಾತ್ರ ಹೆಸರಾಗಿ ಕೊಡಿ, ವ್ಯಕ್ತಿಯ ಹೆಸರು ಬೇಡ. ಅದೇ ದಿನ ಎರಡು ಕಡೆ ನಕಲು ಮಾಡಿಡಿ. ವಾಟ್ಸ್‌ಆಪ್‌ನಲ್ಲಿ ಯಾರಿಗೂ, ಗೆಳೆಯರಿಗೂ, ಕಳಿಸಬೇಡಿ.

ಅವರು ಅತ್ತರೆ ರೆಕಾರ್ಡರ್ ಆರಿಸಿ. 'ಅಳಬೇಡಿ' ಅನ್ನಬೇಡಿ, ಬೇರೆ ವಿಷಯಕ್ಕೂ ಜಿಗಿಯಬೇಡಿ. ನೀರು ಕೊಟ್ಟು ಪಕ್ಕದಲ್ಲೇ ಕೂತಿರಿ. ಹೊರಡುವ ಮೊದಲು ಮಾತನ್ನು ಮೆಲ್ಲಗೆ ಇವತ್ತಿನ ಕಡೆಗೆ ತನ್ನಿ. ಮಧ್ಯಾಹ್ನ ಸಾರು ಏನು, ನಾಳೆ ಯಾರು ಬರುತ್ತಾರೆ. ಹೊಡೆತ, ಆಸ್ತಿ ಬರೆಸಿಕೊಂಡದ್ದು, ಮಾತ್ರೆ ಕೊಡದೆ ಇರುವುದು, ಇಂಥದೇನಾದರೂ ಕಿವಿಗೆ ಬಿದ್ದರೆ ಅದನ್ನು ಕತೆಯೊಳಗೆ ಹಾಕಿ ಸುಮ್ಮನಾಗಬೇಡಿ. 'ಯಾರಿಗೂ ಹೇಳಲ್ಲ' ಎಂದು ಭಾಷೆಯನ್ನೂ ಕೊಡಬೇಡಿ. ಅಧ್ಯಾಪಕರಿಗೆ ಹೇಳಿ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ತಂದೆ-ತಾಯಿಗಳ ಪೋಷಣೆಗೆ 2007ರ ಕಾಯ್ದೆಯೂ ಇದೆ.

ಒಂದೇ ಕತೆಯನ್ನು ಮತ್ತೆ ಮತ್ತೆ ಹೇಳುವವರನ್ನು ತಡೆಯಬೇಡಿ. ಮೂರನೇ ಸಲ ಹೇಳುವಾಗ ಮೊದಲೆರಡು ಸಲ ಇಲ್ಲದ ಒಬ್ಬ ಮನುಷ್ಯ ಆ ಕತೆಯೊಳಗೆ ಬಂದು ನಿಲ್ಲುತ್ತಾನೆ.

ಬರೆಯುವಾಗ

ಒಂದು ಗಂಟೆಯ ಮಾತನ್ನು ಕೇಳಿ ಬರೆದುಕೊಳ್ಳಲು ಹೊಸಬರಿಗೆ ಐದಾರು ಗಂಟೆ ಬೇಕು. ಫೋನಿನ ಧ್ವನಿ ಟೈಪಿಂಗ್ ಪುಸ್ತಕದ ಕನ್ನಡವನ್ನು ಹಿಡಿಯುತ್ತದೆ, ಹವ್ಯಕರ 'ಯಂಗೆ ಗೊತ್ತಿಲ್ಲೆ'ಯನ್ನು ಹಿಡಿಯುವುದಿಲ್ಲ. ಕೊಂಕಣಿ ನಡುವೆ ಬಂದರಂತೂ ಕೈಬಿಡುತ್ತದೆ. ನೀವೇ ಕೂತು ಬರೆಯಬೇಕು. ಅದಕ್ಕಾಗಿಯೇ ಜೋಡಿ ಮಾಡುವಾಗ ಒಬ್ಬರಿಗಾದರೂ ಆ ಹಿರಿಯರ ಮನೆಮಾತು ಬರುವಂತೆ ನೋಡಿಕೊಳ್ಳುತ್ತೇನೆ. ನಿರೂಪಣೆ ನಿಮ್ಮ ಕನ್ನಡದಲ್ಲಿರಲಿ, ಅವರ ಮಾತು ಅವರ ಮಾತಿನಲ್ಲೇ ಇರಲಿ. 'ಯಂಗೆ ಗೊತ್ತಿಲ್ಲೆ' ಎಂದವರ ಬಾಯಲ್ಲಿ 'ನನಗದು ತಿಳಿಯದು' ಎಂದು ಬರೆದರೆ ಅಲ್ಲಿ ಕೂತು ಮಾತಾಡುತ್ತಿರುವವರು ಬೇರೆ ಯಾರೋ.

ಹುಟ್ಟಿನಿಂದ ಶುರು ಮಾಡಬೇಕೆಂದಿಲ್ಲ. ಎಲ್ಲವನ್ನೂ ಹಾಕಬೇಕೆಂದೂ ಇಲ್ಲ. ಸಾವಿರದೈನೂರು ಶಬ್ದ ಸಾಕು. ಅವರು ತಾವಾಗಿ ಎರಡು ಮೂರು ಸಲ ಮರಳಿ ಬಂದ ಜಾಗ ಯಾವುದು ನೋಡಿ, ಅಲ್ಲಿಂದ ತೊಡಗಿ. ಅವರು ಹೇಳಿದ ಇಸವಿ ತಪ್ಪಿದ್ದರೆ ಮಾತನ್ನು ತಿದ್ದದೆ, ಸರಿಯಾದ ವರ್ಷವನ್ನು ನಿಮ್ಮ ನಿರೂಪಣೆಯಲ್ಲಿ ತನ್ನಿ. ಹೇಳದ ಭಾವನೆಯನ್ನು ಸೇರಿಸಬೇಡಿ. 'ಅವರ ಕಣ್ಣಂಚಿನಲ್ಲಿ ನೀರಾಡಿತು' ಎಂದು ನನ್ನ ಮಕ್ಕಳು ಬಹಳ ಬರೆಯುತ್ತಾರೆ. ನೀರು ನಿಜವಾಗಿ ಬಂದಿತ್ತೇ ಎಂದು ಕೇಳುತ್ತೇನೆ. ಬಂದಿರದಿದ್ದರೆ ಹೊಡೆದು ಹಾಕುತ್ತೇನೆ.

ಓದಿ ಹೇಳುವ ದಿನ

ಎರಡನೇ ವರ್ಷ ಪರೀಕ್ಷೆ ಹತ್ತಿರ ಬಂತೆಂದು ನಾನು ಅವಸರ ಮಾಡಿದೆ. ಓದಿ ಹೇಳದೆಯೇ ಬರಹಗಳನ್ನು ಒಟ್ಟುಗೂಡಿಸಿ ಪ್ರಿಂಟ್ ಹಾಕಿಸಿ ಹಂಚಿದೆವು. ಒಬ್ಬ ಅಜ್ಜಿ ತನ್ನ ತಂಗಿಯ ಮದುವೆ ಮುರಿದದ್ದನ್ನು ಹೇಳಿದ್ದರು. ಹೆಸರು ಬದಲಿಸಿದ್ದೆವು, ಊರು ಬದಲಿಸಿರಲಿಲ್ಲ. ಪುಸ್ತಿಕೆ ಹೇಗೋ ಆ ಊರಿಗೆ ಹೋಯಿತು. ಹಬ್ಬಕ್ಕೆ ಬಂದು ನೋಡಿಕೊಂಡು ಹೋಗುತ್ತಿದ್ದ ತಂಗಿಯ ಮಗ ಬರುವುದನ್ನು ನಿಲ್ಲಿಸಿದ. ನಾನು ಹೋಗಿ ಅಜ್ಜಿಯ ಕೈ ಹಿಡಿದು ಕ್ಷಮೆ ಕೇಳಿದೆ. 'ನೀವು ಬೇಕು ಹೇಳಿ ಮಾಡಿದ್ದಲ್ಲ' ಎಂದರು. ಆ ಮಾತಿನಿಂದ ನನ್ನ ಭಾರ ಇಳಿಯಲಿಲ್ಲ. ಅಲ್ಲಿಂದೀಚೆ ಓದಿ ಹೇಳದೆ ಒಂದು ಪುಟವೂ ಹೊರಗೆ ಹೋಗಿಲ್ಲ.

ಓದುವ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಅಘನಾಶಿನಿ ದಂಡೆಯ ಗಜನಿಯಲ್ಲಿ ಬದುಕು ಕಳೆದ ಒಬ್ಬ ಅಜ್ಜ ಇದ್ದರು. ಗಜನಿ ಎಂದರೆ ಹೊಳೆ ಸಮುದ್ರ ಸೇರುವಲ್ಲಿ, ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತ ಅಲ್ಲಿಯದೇ. ಆಶ್ರಮದ ಸಿಬ್ಬಂದಿ ನಮಗೆ ಮೊದಲೇ ಹೇಳಿದ್ದರು: 'ಅವರಿಗೆ ರಾತ್ರಿ ನಿದ್ದೆ ಇಲ್ಲ, ಒಂದೊಂದು ದಿನ ಒಂದೊಂದು ಹೊತ್ತಿಗೆ ಎದ್ದು ಓಡಾಡ್ತಾರೆ, ಡಾಕ್ಟರಿಗೆ ತೋರಿಸಬೇಕು.' ನಮ್ಮ ಹುಡುಗಿ ನಾಲ್ಕು ಸಲ ಕೂತು ಕೇಳಿ ಬರೆದಳು. ಐದನೇ ಸಲ ಓದತೊಡಗಿದಳು. ಅಜ್ಜ ಮಂಚದ ಅಂಚಿಗೆ ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ನೆಲ ನೋಡುತ್ತ ಕೇಳುತ್ತಿದ್ದರು.

'ರಾತ್ರಿ ಎದ್ದು ಗೇಟು ತೆಗೆಯಲು ಹೋಗುತ್ತಿದ್ದೆ' ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದರು.

'ಗೇಟಲ್ಲ ತಂಗಿ, ಜಂತ್ರಡಿ. ಗೇಟು ಹೇಳ್ರೆ ಬೇರೆ. ನಾ ಕಾಯ್ದದ್ದು ಹಲಗೆ.'

ಜಂತ್ರಡಿ ಎಂದರೆ ಗಜನಿಗೆ ನೀರು ಬಿಡಲು, ತಡೆಯಲು ಇರುವ ಹಲಗೆಯ ಬಾಗಿಲು. ಹುಡುಗಿ ಪೆನ್ನು ತೆಗೆದು ತಿದ್ದಿದಳು. ಅವರು ಮುಂದೆ ಹೇಳಿದರು, ರೆಕಾರ್ಡರ್ ಮುಂದೆ ನಾಲ್ಕು ಸಲವೂ ಹೇಳದೇ ಇದ್ದದ್ದನ್ನು. ಭರತಿ ಏರುವಾಗ ಹಲಗೆ ಇಳಿಸಿ ಉಪ್ಪುನೀರು ಒಳಗೆ ಬಾರದಂತೆ ಮಾಡಬೇಕು. ಇಳಿತಕ್ಕೆ ಎತ್ತಿ ಮಳೆನೀರು ಹೊರಗೆ ಬಿಡಬೇಕು. ಕೊಯ್ಲು ಮುಗಿದ ಮೇಲೆ ಭರತಿಯನ್ನು ಒಳಗೆ ಬಿಟ್ಟುಕೊಂಡು, ಇಳಿಯುವಾಗ ಬಲೆ ಕಟ್ಟಿ ಶೆಟ್ಲಿ (ಸಿಗಡಿ), ಮೀನು ಹಿಡಿಯುವುದು. ಭರತಿ ಹಗಲಿಗೊಮ್ಮೆ, ಇರುಳಿಗೊಮ್ಮೆ. ದಿನಕ್ಕೆ ಎರಡು ಘಳಿಗೆ ಹಿಂದೆ ಬೀಳುತ್ತ ಹೋಗುತ್ತದೆ. ಅಮಾಸೆ, ಹುಣ್ಣಿಮೆಗೆ ಜೋರು, ಅಷ್ಟಮಿಗೆ ಮಂದ. 'ಗಡಿಯಾರ ಇರ್ಲಿಲ್ಲ. ಮೈಗೇ ಗೊತ್ತಾಗ್ತಿತ್ತು. ಈಗ್ಲೂ ಎಚ್ಚರ ಆಗ್ತದೆ. ಎದ್ದು ನೋಡ್ರೆ ಹೊಳೆ ಇಲ್ಲ.'

ಹುಡುಗಿಗೆ ಏನೋ ಹೊಳೆಯಿತು. ಆಶ್ರಮದವರು ರಾತ್ರಿ ಪಾಳಿಯ ವಹಿಯಲ್ಲಿ ಅವರು ಎದ್ದ ಹೊತ್ತನ್ನು ಬರೆದಿಡುತ್ತಿದ್ದರು. ಕೇಳಿ ನೋಡಿದಳು. ಸೋಮವಾರ ಒಂದೂಕಾಲು, ಮಂಗಳವಾರ ಎರಡು, ಬುಧವಾರ ಮೂರಕ್ಕೆ ಹತ್ತು ನಿಮಿಷ. ಎರಡು ಘಳಿಗೆ ಎಂದರೆ ನಲವತ್ತೆಂಟು ನಿಮಿಷ. ಎಲ್ಲ ದಿನವೂ ಹೀಗೆ ಕೂಡಿ ಬರುತ್ತಿರಲಿಲ್ಲ, ಆದರೆ ವಾರದಲ್ಲಿ ಮೂರು ನಾಲ್ಕು ದಿನ ಬರುತ್ತಿತ್ತು. ವಹಿಯನ್ನು ನಡೆಸುವವರ ಮುಂದೆ ಇಟ್ಟಳು. ಅವತ್ತಿನಿಂದ ರಾತ್ರಿ ಪಾಳಿಯವರು ಅವರನ್ನು 'ಮಲಗಿ ಮಲಗಿ' ಎಂದು ಗದರಿಸುವುದನ್ನು ಬಿಟ್ಟರು. ಜಗಲಿಯ ದೀಪ ಹಾಕಿ, ಕುರ್ಚಿ ಇಟ್ಟು, ಅವರು ಕೂತು ಎದ್ದು ಬರುವವರೆಗೆ ಕಾಯತೊಡಗಿದರು.

ಓದುವಾಗ ಹೀಗೆ ಮಾಡಿ. ನಿಧಾನವಾಗಿ ಓದಿ, ಪ್ರತಿ ಪ್ಯಾರಾ ಮುಗಿದಾಗ ನಿಲ್ಲಿಸಿ ಮುಖ ನೋಡಿ. 'ಸರಿ ಇದ್ಯಾ?' ಎಂದು ಕೇಳಿದರೆ ಎಲ್ಲರೂ ಸರಿ ಎನ್ನುತ್ತಾರೆ. 'ಇಲ್ಲಿ ನಾನು ಏನಾದ್ರೂ ತಪ್ಪು ಬರೆದಿದ್ದೀನಾ?' ಎಂದು ಕೇಳಿ. ತೆಗೆ ಎಂದರೆ ಕಾರಣ ಕೇಳದೆ ತೆಗೆಯಿರಿ, ಅದು ಇಡೀ ಬರಹದ ಅತ್ಯಂತ ಒಳ್ಳೆಯ ಪ್ಯಾರಾ ಆಗಿದ್ದರೂ. ಪಕ್ಕದ ಮಂಚದವರಿಗೆ ಕೇಳಬಾರದ್ದು ಇದ್ದರೆ ಹೊರಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಓದಿ. ತಿದ್ದಿದ ಮೇಲೆ ಇನ್ನೊಂದು ಸಲ ಓದಬೇಕು.

ಆಮೇಲೆ ದೊಡ್ಡ ಅಕ್ಷರದಲ್ಲಿ, 18 ಪಾಯಿಂಟಿಗೆ ಕಡಿಮೆ ಇಲ್ಲದಂತೆ, ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿ. ಎರಡು ಪ್ರತಿ ಅವರಿಗೆ, ಯಾಕೆಂದರೆ ಒಂದನ್ನು ಯಾರಿಗಾದರೂ ಕೊಡಬೇಕೆನಿಸುತ್ತದೆ. ಮನೆಯ ನಕ್ಷೆ ಬರೆಸಿದ್ದರೆ ಅದು ಮೊದಲ ಪುಟ. ಕೊಟ್ಟ ಮೇಲೆ ಒಂದು ತಿಂಗಳೊಳಗೆ ಒಮ್ಮೆ, ಪರೀಕ್ಷೆ ಮುಗಿದ ಮೇಲೆ ಒಮ್ಮೆ, ಏನೂ ಕೇಳಲು ಇಲ್ಲದೆ ಹೋಗಿ ಬನ್ನಿ. ಹೋಗಲಾಗುವುದಿಲ್ಲ ಎಂದಾದರೆ ಮೊದಲ ದಿನವೇ ಹೇಳಿಬಿಡಿ, 'ಮತ್ತೆ ಬರ್ತೇವೆ' ಎಂಬ ಮಾತನ್ನು ಬಾಯಿಮಾತಿಗೆ ಆಡಬೇಡಿ. ಅವರು ಬಾಗಿಲು ನೋಡುತ್ತ ಕೂರುತ್ತಾರೆ.

ಈ ವರ್ಷದ ಮಕ್ಕಳಿಗೆ: ಡಿಸೆಂಬರಿನ ಮೊದಲ ಶನಿವಾರ, ಒಂಬತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ, ಅಲ್ಲಿಂದ ಟೆಂಪೋ. ನೀರಿನ ಬಾಟಲಿ ತನ್ನಿ. ಹಣ್ಣು ತರಬೇಡಿ. ಫೋನು ಬ್ಯಾಗಿನಲ್ಲಿರಲಿ.